ಬೆಣ್ಣೆಹಳ್ಳಕ್ಕೆ ಒಡೆಯರಾರು?

ಹೊಳೆಯೆನ್ನಿಸಿಕೊಂಡದ್ದಕ್ಕೆ ಆಣೆಕಟ್ಟು ಉಂಟು, ಅಧಿಕಾರಿಗಳುಂಟು, ನ್ಯಾಯಾಧಿಕರಣವೂ ಉಂಟು. ಹಳ್ಳವೆನ್ನಿಸಿಕೊಂಡದ್ದಕ್ಕೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಧಾರವಾಡ ಜಿಲ್ಹೆಯ ಬೆಣ್ಣೆಹಳ್ಳವು ಹೆಸರಿನ ಈ ಒಂದು ತಪ್ಪಿಗಾಗಿ ಅನಾಥವಾಗಿ ಉಳಿದಿರುವದು. ಆ ತಪ್ಪಿನ ದಂಡವನ್ನು ದಂಡೆಯ ಒಕ್ಕಲಿಗನು ತೆರುತ್ತಿರುವನು. "ದೈವದ ಕೋಪ", "ಕಂಡು ಕೇಳರಿಯದ ಮಳೆ" ಎಂಬ ಮಾತುಗಳಿಂದ ಈ ಅನ್ಯಾಯವನ್ನು ಮುಚ್ಚಿಡುವ ವಾಡಿಕೆ ನಮ್ಮಲ್ಲಿ ಬೆಳೆದಿದೆ. ಆ ವಾಡಿಕೆಯನ್ನು ಮುರಿಯಬೇಕೆಂದೇ ನಾವು ಇಂದು ಬರೆಯುತ್ತಿದ್ದೇವೆ.

ಶಿಗ್ಗಾಂವಿ ತಾಲೂಕಿನ ದುಂಡಸಿಯ ಕಡೆಗೆ ಹುಟ್ಟುವ ಈ ಹಳ್ಳವು ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಎರೆಹೊಲಗಳನ್ನು ಹಾಯ್ದು, ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ರೋಣ ತಾಲೂಕಿನ ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಸೇರುವದು. ನೆಲವು ಅಂಗೈಯಂತೆ ಸಪಾಟು. ಹಳ್ಳದ ದಾರಿಯು ಅಂಕುಡೊಂಕು. ಎರೆಯು ಒಮ್ಮೆ ತೊಯ್ದು ಬಿರುಕು ಮುಚ್ಚಿತೆಂದರೆ ಮುಂದೆ ಬಿದ್ದ ನೀರು ಇಂಗುವದು ಬಲು ನಿಧಾನ. ಮೇಲಣ ಶಿಗ್ಗಾಂವಿ-ಕುಂದಗೋಳಗಳಲ್ಲಿ ಇರುಳೆಲ್ಲ ಮಳೆ ಸುರಿದರೆ, ಹನಿ ಬೀಳದ ನವಲಗುಂದದ ಹೊಲಗಳಿಗೂ ನೀರು ನುಗ್ಗುವದು. ಯಮನೂರು, ಅರೇಕುರಹಟ್ಟಿ, ಪಡೇಸೂರಗಳಲ್ಲಿ ಬೆಣ್ಣೆಹಳ್ಳದ ಹಾವಳಿ. ಶಿರಕೋಳ, ಹಣಸಿಗಳಲ್ಲಿ ತುಪ್ಪರಿಹಳ್ಳದ ಹಾವಳಿ. ಅದೇ ವೇಳೆಗೆ ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆಯೂ ತುಂಬಿ ಹರಿದರೆ ಹಳ್ಳದ ನೀರಿಗೆ ಹೋಗಲು ದಾರಿಯೇ ಇಲ್ಲ. ಅದು ಹಿಂದಕ್ಕೆ ಒತ್ತಿ ಹೊಲ ಮನೆಗಳಲ್ಲಿ ಹರಡಿಕೊಳ್ಳುವದು. ಇದರಲ್ಲಿ ದೈವದ ಗುಟ್ಟು ಯಾವುದೂ ಇಲ್ಲ. ಇಳುಕಲು ಅಳೆಯಬಲ್ಲ ಯಾವ ಇಂಜಿನಿಯರನಾದರೂ ಮೊದಲೇ ಹೇಳಬಲ್ಲ ಸಂಗತಿಯಿದು.

ಮಳೆ ವಿಪರೀತವಾಗಿತ್ತೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ೨೦೦೯ರ ಸೆಪ್ಟೆಂಬರದ ಕೊನೆಗೆ ಸುರಿದ ಮಳೆಯು ಉತ್ತರ ಕರ್ನಾಟಕವನ್ನು ಮುಳುಗಿಸಿತು. ನಾಡಿನಲ್ಲಿ ೨೦೦ಕ್ಕೂ ಹೆಚ್ಚು ಜೀವಗಳು ಹೋದವು. ೨೦೧೯ರ ಅಗಸ್ಟದ ಮೊದಲ ವಾರಗಳಲ್ಲಿ ಹಳೆಯ ದಾಖಲೆಗಳೆಲ್ಲ ಮುರಿದವು. ಅದೇ ವರ್ಷದ ಅಕ್ಟೋಬರದಲ್ಲಿ ಹಳ್ಳವು ಮತ್ತೆ ಉಕ್ಕಿತು. ೨೦೨೨ರ ಸೆಪ್ಟೆಂಬರದಲ್ಲಿ ಇನ್ನೊಮ್ಮೆ. ಅಂದಮೇಲೆ "ಎಂದೋ ಒಮ್ಮೆ ಬರುವ ನೆರೆ" ಎಂಬ ಸಮಾಧಾನಕ್ಕೆ ಬೆಲೆಯೇನು ಉಳಿಯಿತು? ಗಾಳಿಯು ಒಂದು ಡಿಗ್ರಿ ಹೆಚ್ಚು ಕಾಯ್ದರೆ ಶೇಕಡಾ ೭ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದೆಂದು ವಿಜ್ಞಾನವು ಹೇಳುತ್ತದೆ. ಜಗತ್ತೇ ಕಾಯುತ್ತಿರುವಾಗ ದೊಡ್ಡ ಮಳೆಗಳು ಇನ್ನೂ ಹೆಚ್ಚುವವು. ವಿಪರೀತವೇ ವಾಡಿಕೆಯಾದ ಮೇಲೆ ಅದನ್ನು ನೆವವಾಗಿ ಮುಂದೆ ಮಾಡುವದು ಆಡಳಿತಕ್ಕೆ ಭೂಷಣವಲ್ಲ.

ಅಗಸ್ಟವೆಂದರೆ ನವಲಗುಂದ-ಅಣ್ಣಿಗೇರಿಗಳ ಎರೆಯಲ್ಲಿ ಹೆಸರು ಕೈಗೆ ಬರುವ ಕಾಲ. ಆ ಹೆಸರಿನ ಹಣದಿಂದಲೇ ಒಕ್ಕಲಿಗನು ಅಂಗಡಿಯ ಉದ್ರಿ ತೀರಿಸಿ, ಹಿಂಗಾರಿಯ ಕಡಲೆ ಜೋಳಗಳ ಬೀಜ ತರಬೇಕು. ನೀರು ನಿಂತ ಹೊಲದಲ್ಲಿ ಕಾಯಿ ಗಿಡದ ಮೇಲೆಯೇ ಮೊಳೆಯುವದು. ಉಳ್ಳಾಗಡ್ಡಿ ನೆಲದಲ್ಲಿಯೇ ಕೊಳೆಯುವದು. ಆಗಿನ ಪರಿಹಾರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ೬,೮೦೦ ರೂಪಾಯಿ, ಅದೂ ೨ ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ೨,೭೫೦ ರೂಪಾಯಿ! ರಾಜ್ಯ ಸರಕಾರವು ೨೦೧೯ರಲ್ಲಿ ಹೆಕ್ಟೇರಿಗೆ ೧೦,೦೦೦ ರೂಪಾಯಿ ಮೇಲೆ ಕೂಡಿಸಿತು. ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿ ಗೊತ್ತುಮಾಡಿತು. ಕೊಟ್ಟದ್ದನ್ನು ಕೊಟ್ಟಿಲ್ಲವೆಂದು ನಾವು ಹೇಳೆವು. ಆದರೆ ಕೊಚ್ಚಿಹೋದ ಮೇಲ್ಮಣ್ಣನ್ನು ತಂದುಕೊಡುವವರಾರು? ಉತಾರದಲ್ಲಿ ಹೆಸರಿಲ್ಲದೆ ಲಾವಣಿಯಿಂದ ಹೊಲ ಮಾಡಿದವನ ಗತಿಯೇನು? ಕೂಲಿ ತಪ್ಪಿದವನ ಲೆಕ್ಕವನ್ನು ಯಾವ ಪಂಚನಾಮೆಯು ಬರೆಯಿತು?

ಇನ್ನೂ ಕಟುವಾದ ಮಾತೊಂದುಂಟು. ನೀರಿಗಾಗಿ ಈ ನೆಲ ಬೇಡಿದಷ್ಟು ಬೇರಾವ ನೆಲವೂ ಬೇಡಿಲ್ಲ. ೧೯೮೦ರ ಜುಲೈ ೨೧ರಂದು ನವಲಗುಂದ-ನರಗುಂದಗಳ ರೈತರು ನೀರಾವರಿಯ ಕರಭಾರದ ವಿರುದ್ಧ ಎದ್ದುನಿಂತು ಗೋಲಿಬಾರಿಗೆ ಎದೆಯೊಡ್ಡಿದರು. ೨೦೧೬ರ ಜುಲೈದಲ್ಲಿ ಮಹಾದಾಯಿಯ ನೀರು ಕೇಳಿದ್ದಕ್ಕಾಗಿ ಯಮನೂರಿನ ಮನೆಗಳೊಳಗೆ ಪೋಲೀಸರ ಲಾಠಿ ನುಗ್ಗಿತು. ಮೂರು ವರ್ಷಗಳ ತರುವಾಯ ಅದೇ ಯಮನೂರಿಗೆ ಬೆಣ್ಣೆಹಳ್ಳದ ನೀರು ನುಗ್ಗಿತು. ೨೦೧೮ರ ಅಗಸ್ಟದಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ೧೩.೪೨ ಟಿ.ಎಂ.ಸಿ. ನೀರನ್ನು ಹಂಚಿತು. ಆ ಹಕ್ಕಿಗಾಗಿ ಹೋರಾಡುವದು ಸರಿಯೇ. ಆದರೆ ಸಹ್ಯಾದ್ರಿಯಾಚೆಗೆ ಹರಿಯುವ ನೀರಿಗಾಗಿ ದಿಲ್ಲಿಯವರೆಗೆ ಹೋದ ನಮ್ಮ ಮುಖಂಡರು, ಹಿತ್ತಲಲ್ಲಿಯೇ ಹರಿದು ಊರು ಕೆಡಿಸುವ ನೀರನ್ನು ಹಿಡಿದಿಡುವ ಮಾತನ್ನು ಅದೇ ಕಂಠದಿಂದ ಏಕೆ ಎತ್ತಲಿಲ್ಲ?

ಕಾರಣವು ಸ್ಪಷ್ಟವಾಗಿದೆ. ೧೯೯೭ರಲ್ಲಿ ಧಾರವಾಡ ಜಿಲ್ಹೆಯು ಮೂರು ಪಾಲಾದಂದು ಹಳ್ಳವೂ ಮೂರು ಪಾಲಾಯಿತು: ಹುಟ್ಟು ಹಾವೇರಿಯಲ್ಲಿ, ಹರಿವು ಧಾರವಾಡದಲ್ಲಿ, ಮುಕ್ತಿ ಗದಗದಲ್ಲಿ. ಸೇತುವೆ ಒಂದು ಖಾತೆಯದು, ಹೂಳು ಇನ್ನೊಂದರದು, ಪರಿಹಾರ ಮಗದೊಂದರದು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ರ ನವೆಂಬರ ೧ರಂದು ಒಂದಾಯಿತು. ಒಂದಾದ ನಾಡಿನಲ್ಲಿ ಒಂದು ಹಳ್ಳವನ್ನು ತಲೆಯಿಂದ ಕಾಲಿನವರೆಗೆ ಒಂದೆಂದು ನೋಡುವ ಕಚೇರಿ ಇಲ್ಲವೆಂದರೆ ನಾಚಿಕೆಗೇಡಲ್ಲವೆ?

"ರೈತರೇ ದಂಡೆಯನ್ನು ಒತ್ತಿ ಉತ್ತಿದ್ದಾರೆ" ಎಂದು ಕೆಲವರು ಆಕ್ಷೇಪಿಸುವರು. ಉತ್ತಿರುವದು ನಿಜ. ಹಾಗಾದರೆ ಹಳ್ಳದ ಎಲ್ಲೆಯನ್ನು ಅಳೆದು ಕಲ್ಲು ನೆಡಬೇಕಾದವರು ಯಾರು? ಪಾತ್ರದಲ್ಲಿ ಜಾಲಿ ಬೆಳೆದು ಹೂಳು ತುಂಬುವವರೆಗೆ ಕಣ್ಣು ಮುಚ್ಚಿದವರು ಯಾರು? ಹುಬ್ಬಳ್ಳಿಯ ಗಟಾರಗಳ ನೀರನ್ನು ಇದೇ ಹಳ್ಳಕ್ಕೆ ಬಿಟ್ಟವರು ರೈತರೇ ಏನು?

ನಮ್ಮ ಬೇಡಿಕೆಗಳು ನಾಲ್ಕೇ. ದುಂಡಸಿಯಿಂದ ಮೆಣಸಗಿಯವರೆಗೆ, ತುಪ್ಪರಿಹಳ್ಳವನ್ನೂ ಕೂಡಿಸಿ, ಒಬ್ಬನೇ ಹೊಣೆಗಾರ ಅಧಿಕಾರಿಯಿರಬೇಕು. ಎಲ್ಲೆ ಅಳೆದು, ಹೂಳು ತೆಗೆದು, ತಕ್ಕ ಸ್ಥಳಗಳಲ್ಲಿ ನೀರು ತಡೆದಿಡುವ ಒಡ್ಡುಗಳನ್ನು ಕಟ್ಟಬೇಕು. ಮೇಲೆ ಮಳೆ ಬಿದ್ದೊಡನೆ ಕೆಳಗಿನ ಊರುಗಳಿಗೆ ಎಚ್ಚರಿಕೆ ಮುಟ್ಟುವಂತೆ ಕುಂದಗೋಳದಿಂದ ಮೊದಲುಗೊಂಡು ನೀರಿನ ಮಟ್ಟ ಅಳೆಯುವ ಕಂಬಗಳಿರಬೇಕು. ಅಲ್ಲಿ ಏರಿದ ನೀರು ಯಮನೂರಿಗೆ ಬರುವ ಮುನ್ನ ಸಿಕ್ಕುವ ಕೆಲವು ತಾಸುಗಳಲ್ಲಿ ದನಕರು, ಕಾಳುಕಡಿ, ಮುದುಕರು, ಮಕ್ಕಳು ಪಾರಾಗಬಲ್ಲರು. ಕೊನೆಯದಾಗಿ, ಪರಿಹಾರವು ಉತಾರದ ಹೆಸರಿಗಷ್ಟೇ ಅಲ್ಲದೆ ಬಿತ್ತಿದ ಕೈಗೂ ಮುಟ್ಟಬೇಕು.

ಸರಕಾರಕ್ಕೆ ಹೇಳಿದ್ದಾಯಿತು, ನಮ್ಮ ವಾಚಕರಿಗೂ ಒಂದು ಮಾತುಂಟು. ಗಂಜಿಕೇಂದ್ರಕ್ಕೆ ಹಳೆಯ ಬಟ್ಟೆ ಕಳಿಸಿದೊಡನೆ ಪಟ್ಟಣಿಗನ ಋಣ ತೀರಲಿಲ್ಲ. ಹಳ್ಳದ ಗಟ್ಟಿ ಸಾಕ್ಷಿಯೆಂದರೆ ಲೆಕ್ಕ. ಪ್ರತಿಯೊಂದು ದಂಡೆಯೂರಿನ ಶಾಲಾಮಾಸ್ತರರು ದಿನದ ಮಳೆಯನ್ನು ವಹಿಯಲ್ಲಿ ಬರೆಯಿಸಲಿ. ನೀರು ಏರಿದ ಮಟ್ಟಕ್ಕೆ ಶಾಲೆಯ ಗೋಡೆಯ ಮೇಲೆ ಗೆರೆ ಎಳೆದು ತಾರೀಖು ಹಾಕಿಸಲಿ. ಬಿದ್ದ ಮನೆ, ಸತ್ತ ದನ, ಕೊಚ್ಚಿಹೋದ ಹೊಲಗಳ ಪಟ್ಟಿಯನ್ನು ಊರವರೇ ಮಾಡಲಿ. ವಕೀಲರೂ ವರ್ತಕರೂ ಆ ಪಟ್ಟಿಗಳನ್ನು ಕೂಡಿಸಿ ಜಿಲ್ಹಾಧಿಕಾರಿಗಳ ಮೇಜಿನ ಮೇಲೆ ಇಡಲಿ. ಭಾಷಣಕ್ಕೆ ಉತ್ತರವಾಗಿ ಭಾಷಣವನ್ನು ಕೊಡಬಹುದು. ತಾರೀಖು ಹಾಕಿದ ಗೆರೆಗೆ ಏನು ಉತ್ತರ ಕೊಡುವರು?

ಮುಂದಿನ ಮಳೆಗಾಲವು ನಮ್ಮ ಅನುಕೂಲವನ್ನು ಕಾಯುತ್ತ ಕೂಡ್ರುವದಿಲ್ಲ. ಹಳ್ಳಕ್ಕೆ ಒಡೆಯರು ಯಾರೆಂಬುದನ್ನು ಬೇಸಿಗೆಯಲ್ಲಿಯೇ ಗೊತ್ತುಮಾಡಿರಿ.