ದಂಡೆಯ ಲೆಕ್ಕ ಯಾರ ಕೈಯಲ್ಲಿ?

ಶ್ಯಾನುಭೋಗನ ಕಡತ ನಮ್ಮ ಜನಕ್ಕೆ ಏನು ಮಾಡಿತು ಅನ್ನೋದನ್ನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉತ್ತವನು ಒಬ್ಬ, ಬರೆದವನು ಇನ್ನೊಬ್ಬ. ಉತ್ತವನ ಹೆಸರು ಕಡತಕ್ಕೆ ಏರಲೇ ಇಲ್ಲ. ಈಗ ಅದೇ ಪ್ರಶ್ನೆ ಕಡಲ ದಂಡೆಗೆ ಬಂದು ನಿಂತಿದೆ. ಕಡಲು ನೆಲ ತಿನ್ನುತ್ತಿದೆ. ಎಷ್ಟು ತಿಂತು, ಎಲ್ಲಿ ತಿಂತು, ಯಾಕೆ ತಿಂತು? ಈ ಲೆಕ್ಕ ಬರೆಯುವವರು ಯಾರು?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ಕೆಲಸ ಆಯಿತು. ಅಲ್ಲಿನ ಡೀಕಿನ್ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದವರು ಸರ್ಕಾರದ ಜೊತೆ ಸೇರಿ ಕಡಲೂರುಗಳ ಸಾಮಾನ್ಯ ಜನಕ್ಕೆ ಡ್ರೋನ್ ಹಾರಿಸೋದು ಕಲಿಸಿದರು. ಈ ಸ್ವಯಂಸೇವಕರು ಒಂದೆರಡು ತಿಂಗಳಿಗೊಮ್ಮೆ ಮರಳ ಮೇಲೆ ಗುರುತಿನ ಹಲಗೆ ಇಟ್ಟು ಡ್ರೋನ್ ಬಿಡುತ್ತಾರೆ. ಒಂದರ ಅಂಚು ಇನ್ನೊಂದರ ಮೇಲೆ ಬೀಳುವಂತೆ ಅದು ನೂರಾರು ಫೋಟೋ ತೆಗೆಯುತ್ತೆ. ಕಂಪ್ಯೂಟರು ಅವನ್ನೆಲ್ಲ ಹೊಂದಿಸಿ ದಂಡೆಯ ಉಬ್ಬುತಗ್ಗಿನ ನಕ್ಷೆ ಮಾಡುತ್ತೆ. ಹೋದ ಸಲದ ನಕ್ಷೆಯ ಪಕ್ಕ ಈ ಸಲದ್ದು ಇಟ್ಟರೆ ಮರಳು ಎಲ್ಲಿಂದ ಎಷ್ಟು ಹೋಯಿತು ಅನ್ನೋದು ಗೊತ್ತಾಗುತ್ತೆ. ಅಲ್ಲಿನ ಇನ್ವರ್‌ಲಾಕ್ ಊರಲ್ಲಿ 2012ರಿಂದೀಚೆಗೆ ದಂಡೆ ಕೆಲವು ಕಡೆ 70 ಮೀಟರ್‌ವರೆಗೆ ಹಿಂದೆ ಸರಿದಿದೆ. ಪೋರ್ಟ್ ಫೇರಿ ಊರಿನವರು ಹಿಂದೆ ತಮ್ಮ ಕಸ, ಮಲ ಎಲ್ಲ ಮರಳು ದಿಬ್ಬದಲ್ಲಿ ಹೂತಿದ್ದರು. ಈಗ ಕಡಲು ಆ ದಿಬ್ಬವನ್ನೇ ಕೊರೆಯುತ್ತಿದೆ.

ಕೆಲಸ ಒಳ್ಳೆಯದೇ. ಆದರೆ ಇನ್ವರ್‌ಲಾಕ್ ನೆಲದ ಮೂಲ ಒಡೆಯರು ಬುನುರಾಂಗ್ ಜನ. ಆ ನೆಲ ಕಡಲಿಗೆ ಹೋಗುವ ಮೊದಲೇ ಬಿಳಿಯರ ಪಾಲಾಗಿತ್ತು. ಆ ಕೊರೆತ ಯಾವ ಡ್ರೋನಿನ ಲೆಕ್ಕಕ್ಕೂ ಬರಲ್ಲ.

ಇನ್ನು ನಮ್ಮ ದಂಡೆಗೆ ಬನ್ನಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ ಹೇಳಿದ್ದು ಇದು: ದೇಶದ ಕರಾವಳಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಕಾಲು ಪಾಲು. ಆ ವರದಿ ಇಂಗ್ಲಿಷಿನಲ್ಲಿದೆ. ಮನೆ ಹೋದದ್ದು ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತಾಡುವವರದ್ದು.

ಉಳ್ಳಾಲ ನೋಡಿ. ಮರಳು ಒಂದೇ ಕಡೆ ಕೂತಿರಲ್ಲ, ಅಲೆಯ ಜೊತೆ ದಂಡೆಗುಂಟ ನಡೆಯುತ್ತೆ. ಅಡ್ಡ ಕಲ್ಲು ಹಾಕಿದರೆ ಒಂದು ಪಕ್ಕ ಗುಡ್ಡೆ, ಇನ್ನೊಂದು ಪಕ್ಕ ಗುಂಡಿ. ನೇತ್ರಾವತಿ-ಗುರುಪುರ ಅಳಿವೆ ಬಾಗಿಲಿಗೆ 1990ರ ದಶಕದಲ್ಲಿ ಬ್ರೇಕ್‌ವಾಟರ್ ಬಂತು. ತೆಂಕಣ ದಂಡೆಯಲ್ಲಿ ಕೊರೆತ ಜೋರಾಯಿತು. ಆಮೇಲೆ ಅದನ್ನು ತಡೆಯೋಕೆ ಕಲ್ಲು. ಆ ಕಲ್ಲು ಮುಗಿದ ತುದಿಯಲ್ಲಿ ಮತ್ತೆ ಕೊರೆತ, ಮತ್ತೆ ಕಲ್ಲು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲವೂ ಬಂತು. ಕಲ್ಲಿನ ಲೆಕ್ಕ ಬಿಲ್ಲಿನಲ್ಲಿರುತ್ತೆ, ಲೋಡಿಗಿಷ್ಟು ಅಂತ. ಆ ಕಲ್ಲಿನಿಂದ ಉಳಿದ ಮರಳೆಷ್ಟು, ಹೋದ ಮರಳೆಷ್ಟು? ಈ ಲೆಕ್ಕವನ್ನು ಮನೆ ಕಳಕೊಂಡ ಹೆಂಗಸಿನ ಮುಂದೆ ತಂದು ಓದಿದ ಅಧಿಕಾರಿಯನ್ನು ನೀವು ಕಂಡಿದ್ದೀರಾ?

ಇಲ್ಲಿ ನಮ್ಮ ಗೆಳೆಯರು ಎರಡು ತರ ಮಾತಾಡುತ್ತಾರೆ. ಡ್ರೋನ್ ಅಂದರೆ ಉಳ್ಳವರ ಮದುವೆ ವಿಡಿಯೋದ ಆಟಿಕೆ, ಪೊಲೀಸರ ಕಣ್ಣು, ನಮಗ್ಯಾಕೆ ಅದು ಅನ್ನುತ್ತಾರೆ ಕೆಲವರು. ಅಕ್ಷರವೂ ಒಂದು ಕಾಲಕ್ಕೆ ಅವರದೇ ಸೊತ್ತಾಗಿತ್ತಲ್ಲ! ಅಂತ ನಾವು ಅಕ್ಷರ ಬಿಟ್ಟೆವಾ? ಕಿತ್ತುಕೊಂಡು ಕಲಿತೆವು.

ಇನ್ನು ಕೆಲವರಿಗೆ ಡ್ರೋನ್ ಬಂದರೆ ಸಾಕು, ನ್ಯಾಯವೂ ಅದರ ಬೆನ್ನಿಗೆ ಹಾರಿ ಬರುತ್ತೆ ಅನ್ನೋ ನಂಬಿಕೆ. ಇದು ಇನ್ನೂ ದೊಡ್ಡ ಮೋಸ. ಮೇಲಿನಿಂದ ನೋಡುವ ಕಣ್ಣಿಗೆ ಸೂರು ಕಾಣುತ್ತೆ, ಹಕ್ಕು ಕಾಣಲ್ಲ. ಮೀನು ಒಣಗಿಸುವ ಜಾಗ ಮಳೆಗಾಲದಲ್ಲಿ ಬರೀ ಖಾಲಿ ಮರಳು. ದೋಣಿ ಕಡಲಿಗೆ ಹೋದ ಹೊತ್ತಲ್ಲಿ ದೋಣಿ ಎಳೆದಿಡುವ ಜಾಗವೂ ಖಾಲಿ. ಖಾಲಿ ಅಂತ ಒಂದು ಸಲ ನಕ್ಷೆಯಲ್ಲಿ ಬಂತೋ, ಮುಗಿಯಿತು, ರೆಸಾರ್ಟಿನವನು ಬಂದೇ ಬರುತ್ತಾನೆ. ಮೀನುಗಾರರ ಊರು, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಕಣ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕು ಅಂತ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಹೇಳುತ್ತೆ. ಅದೇ ಅಧಿಸೂಚನೆ ಜನದಟ್ಟಣೆಯ ಹಳ್ಳಿ ದಂಡೆಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ಆಟ ನಮಗೆ ಹೊಸದಲ್ಲ.

ಹಾಗಾದರೆ ಮಾಡೋದೇನು? 2021ರ ಡ್ರೋನ್ ನಿಯಮದ ಪ್ರಕಾರ 2 ಕಿಲೋ ಒಳಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸೋಕೆ ಪೈಲಟ್ ಸರ್ಟಿಫಿಕೇಟು ಬೇಕಿಲ್ಲ. ಆದರೆ ನೋಂದಣಿ ಮಾಡಿಸಿ, ಹಾರಿಸುವ ಮೊದಲು ಸರ್ಕಾರದ ವಲಯ ನಕ್ಷೆ ನೋಡಿ. ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸಿದರೆ ಕೇಸು ಬೀಳುತ್ತೆ. ಕೇಸು ಯಾರ ಮಕ್ಕಳ ಮೇಲೆ ಬೀಳುತ್ತೆ ಅನ್ನೋದೂ ನಿಮಗೆ ಗೊತ್ತು.

ಡ್ರೋನಿಗೆ ದುಡ್ಡಿಲ್ಲವೇ? ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಎರಡು ಕೋಲು, ಒಂದು ಹಗ್ಗ ಇದ್ದೇ ಇರುತ್ತೆ. ಎಮೆರಿ ಎಂಬ ವಿಜ್ಞಾನಿ 1961ರಲ್ಲೇ ಈ ದಾರಿ ತೋರಿಸಿದ್ದಾನೆ. ಒಂದೇ ಎತ್ತರದ ಎರಡು ಕೋಲಿಗೆ ಅಳತೆಯ ಗೆರೆ ಹಾಕಿ. ನಡುವೆ ಹಗ್ಗ ಎಳೆದು ಒಂದನ್ನು ದಡದ ಕಡೆ, ಇನ್ನೊಂದನ್ನು ನೀರಿನ ಕಡೆ ನಿಲ್ಲಿಸಿ. ದಡದ ಕೋಲಿನ ಪಕ್ಕ ನಿಂತು, ನೀರಿನ ಕಡೆಯ ಕೋಲಿನ ತುದಿ ಬಾನಂಚಿಗೆ ಕೂಡುವ ತನಕ ಕಣ್ಣು ತಗ್ಗಿಸಿ. ನಿಮ್ಮ ಕೋಲಿನ ತುದಿಯಿಂದ ಕಣ್ಣು ಎಷ್ಟು ಕೆಳಗಿಳಿಯಿತೋ ದಂಡೆಯ ಇಳಿಜಾರು ಅಷ್ಟು. ಹೀಗೇ ನೀರಿನ ತನಕ ಹೆಜ್ಜೆ ಹೆಜ್ಜೆಗೂ ಅಳೆಯಿರಿ. ಪ್ರತಿ ತಿಂಗಳೂ ಅದೇ ಜಾಗದಲ್ಲಿ ಮಕ್ಕಳ ಕೈಯಿಂದ ಅಳೆಸಿ, ತಾರೀಖು ಹಾಕಿ ಬರೆಸಿ. ಐದು ಮಳೆಗಾಲ ಕಳೆಯಲಿ, ಆ ನೋಟ್‌ಬುಕ್ಕೇ ಸಾಕ್ಷಿಯಾಗುತ್ತೆ.

ಕೋಲಿನಿಂದ ಅಳೆಯಲಿ, ಡ್ರೋನಿನಿಂದ ಅಳೆಯಲಿ, ನಮ್ಮ ಹಕ್ಕೊತ್ತಾಯ ಇಷ್ಟು. ಅಳೆದ ನಕ್ಷೆ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಬರಬೇಕು. ಒಣಮೀನಿನ ಜಾಗ ಯಾವುದು, ದೋಣಿಯ ಜಾಗ ಯಾವುದು ಅಂತ ಅಲ್ಲಿ ದುಡಿಯುವ ಹೆಂಗಸರು, ಗಂಡಸರೇ ಅದರ ಮೇಲೆ ಗೆರೆ ಎಳೆಯಬೇಕು. ಕಲ್ಲು ಹಾಕುವ ಮೊದಲಿನ ಅಳತೆ, ಹಾಕಿದ ಮೇಲಿನ ಅಳತೆ ಎರಡನ್ನೂ ಗ್ರಾಮಸಭೆಯಲ್ಲಿ ಓದದೆ ಬಿಲ್ಲು ಪಾಸಾಗಬಾರದು. ಪ್ರತಿ ಫೋಟೋದ ಒಂದು ಪ್ರತಿ ಊರಲ್ಲೇ ಉಳಿಯಬೇಕು. ನಗರದಿಂದ ಬರುವ ಸ್ವಯಂಸೇವಕರಿಗೆ ಸ್ವಾಗತ. ಆದರೆ ಹಾರಿಸಿ ಹೊತ್ತುಕೊಂಡು ಹೋಗೋಕೆ ಬರಬೇಡಿ, ನಮ್ಮ ಮಕ್ಕಳಿಗೆ ಕಲಿಸಿ ಹೋಗೋಕೆ ಬನ್ನಿ.

ಶ್ಯಾನುಭೋಗಿಕೆ ಕಾಯ್ದೆಯಲ್ಲಿ ರದ್ದಾಯಿತು, ಕಡತ ಸಾಯಲಿಲ್ಲ. ಈಗ ಅದಕ್ಕೆ ರೆಕ್ಕೆ ಬಂದಿದೆ. ಈ ಸಲವಾದರೂ ಅದನ್ನು ಬರೆಯುವ ಕೈ ನಮ್ಮದಾಗಲಿ.