ಬೆಟ್ಟದ ತೋಟಕ್ಕೆ ನೆಂಟರಾಗಿ

ಗುಂಡ್ಲುಪೇಟೆ ತಾಲ್ಲೂಕಿನ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಒಂದು ತೋಟ. ಅಲ್ಲಿ ಎರಡು ದಿನ ಉಳಿದಿದ್ದೆ. ಇಳಿಜಾರಿನ ಕೆಳಗೆ ರಾಗಿ, ಅಂಚಿಗೆ ಅವರೆ ಮತ್ತು ಹುರುಳಿ, ಮೇಲೆ ಮಾವು, ನುಗ್ಗೆ, ನೆಲ್ಲಿ. ಹಲಸು ಹಾಕಿರಲಿಲ್ಲ, ಹಾಕಿದರೆ ಆನೆಗೆ ಓಲೆ ಕಳಿಸಿದ ಹಾಗೆ. ನಾನು ಚೀಲ ಇಳಿಸುವ ಮೊದಲೇ ಯಜಮಾನರು ಮನೆ ಹಿಂದಿನ ಕೃಷಿಹೊಂಡದ ಬಳಿಗೆ ಕರೆದೊಯ್ದರು. ನೀರು ಅರ್ಧಕ್ಕಿಂತ ಕೆಳಗಿತ್ತು. "ಮಳ ಬಂದ್ರ ತುಂಬ್ತದ ಸಾ. ಬರ್ನಿಲ್ಲ ಅಂದ್ರ ಇದ್ರಲ್ಲೇಯ ಎಲ್ಲಾರ್ದೂವೆ" ಎಂದರು. ಗಿಡಗಳು, ದನಗಳು, ಮನೆಯವರು, ಈಗ ನಾನೂ ಸೇರಿ ಎಲ್ಲರಿಗೂ ಅಷ್ಟೇ ನೀರು.

ಪರಿಸರಸ್ನೇಹಿ ತೋಟವಾಸ್ತವ್ಯ ಎಂಬ ಮಾತು ಈಗ ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲೆಲ್ಲ ಕೇಳಿಬರುತ್ತಿದೆ. ಪೇಟೆಯವರಿಗೆ ನೆಮ್ಮದಿ, ರೈತನಿಗೆ ಆದಾಯ, ಬೆಟ್ಟಕ್ಕೆ ರಕ್ಷಣೆ ಎಂಬ ಮೂರು ಭರವಸೆಗಳನ್ನು ಅದು ಒಟ್ಟಿಗೆ ಕೊಡುತ್ತದೆ. ಈ ಮೂರೂ ಒಟ್ಟಿಗೆ ಕೈಗೂಡಬಲ್ಲವೇ? ಕೂಡಬಲ್ಲವು ಎಂದೇ ನನ್ನ ನಂಬಿಕೆ. ಆದರೆ ಅದಕ್ಕೊಂದು ಷರತ್ತಿದೆ: ತೋಟದ ಅಳತೆಗೆ ನೆಂಟ ಹೊಂದಿಕೊಳ್ಳಬೇಕು, ನೆಂಟನ ಅಳತೆಗೆ ತೋಟವನ್ನು ಕತ್ತರಿಸಬಾರದು.

ನೆಂಟರನ್ನು ಉಣಿಸುವುದು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಮಲೆಮಹದೇಶ್ವರ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರಿಗೆ ದಾರಿಯುದ್ದಕ್ಕೂ ಅನ್ನ ನೀರು ಕೊಡುವವರಿದ್ದಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜನ ಬಯಲಲ್ಲೇ ಅಡುಗೆ ಮಾಡಿ ಸಾಲಾಗಿ ಕೂತು ಉಣ್ಣುತ್ತಾರೆ. ಇಲ್ಲಿನ ಹಳ್ಳಿಗಳಲ್ಲಿ ಮನೆಗೆ ಹಟ್ಟಿ ಎನ್ನುತ್ತಾರೆ. ಹಟ್ಟಿಗೆ ಬಂದವರು ಉಣ್ಣದೆ ಹೋದರೆ ಮನೆಯವರಿಗೆ ಸಮಾಧಾನವಿಲ್ಲ. ಆ ಆತಿಥ್ಯಕ್ಕೊಂದು ಕಟ್ಟಳೆ ಇತ್ತು. ಹಟ್ಟಿಯಲ್ಲಿ ಏನಿದೆಯೋ ಅದೇ ನೆಂಟನಿಗೂ. ಮುದ್ದೆ, ಉಪ್ಪುಸಾರು, ಹಿತ್ತಲ ಸೊಪ್ಪು ಯಾವುದಿದ್ದರೆ ಅದು. ಬಾಡಿಗೆ ಕೊಡುವುದು ತಪ್ಪಲ್ಲ. ದುಡಿಮೆಗೆ ಬೆಲೆ ಸಲ್ಲಲೇಬೇಕು. ಆದರೆ ದುಡ್ಡಿನ ಜೊತೆಗೆ ಆ ಕಟ್ಟಳೆಯೂ ಮುರಿದು, ಇರುವುದನ್ನು ಉಣ್ಣುವ ಜಾಗದಲ್ಲಿ ಕೇಳಿದ್ದನ್ನೆಲ್ಲ ತರಿಸುವುದು ಶುರುವಾದರೆ ಪರಿಸರಸ್ನೇಹ ಬಾಗಿಲ ಹಲಗೆಯ ಮೇಲಿನ ಬರಹವಾಗಿಯಷ್ಟೇ ಉಳಿಯುತ್ತದೆ.

ಮೊದಲು ನೀರನ್ನೇ ನೋಡೋಣ. ನೈರುತ್ಯ ಮುಂಗಾರಿನ ಮೋಡಗಳು ವಯನಾಡು ಮತ್ತು ನೀಲಗಿರಿಯಲ್ಲಿ ಸುರಿದು ಹಗುರಾಗಿ ಗುಂಡ್ಲುಪೇಟೆಗೆ ಬರುತ್ತವೆ. ಇದು ಮಳೆನೆರಳಿನ ನಾಡು. ರಾಗಿ, ಜೋಳ, ಹುರುಳಿ, ಅವರೆ ಇಲ್ಲಿ ಬೆಳೆದದ್ದು ಸಿಕ್ಕಿದಷ್ಟು ಮಳೆಗೆ ಒಗ್ಗಿದ ಬೆಳೆಗಳಾದ್ದರಿಂದ. ಕೊಳವೆಬಾವಿ ಬಂದ ಮೇಲೆ ಬಾಳೆ, ಅರಿಸಿನ, ಸಾಂಬಾರ್ ಈರುಳ್ಳಿ ಹೆಚ್ಚಿದವು, ನೀರು ಆಳಕ್ಕೆ ಇಳಿಯಿತು. ಇಂಥ ನೆಲದಲ್ಲಿ ಅತಿಥಿಗಳಿಗಾಗಿ ಈಜುಕೊಳ ಕಟ್ಟಿ, ಹುಲ್ಲುಹಾಸಿಗೆ ದಿನವೂ ನೀರು ಹಾಯಿಸಿದರೆ ಆ ನೀರು ಯಾರ ಪಾಲಿನದು? ಪಕ್ಕದ ಹೊಲದವನ ಕೊಳವೆಬಾವಿಯದೂ ಅದೇ ಅಂತರ್ಜಲ. ಸಾವಯವ ಗೊಬ್ಬರ ಹಾಕಿದ ಮಾತ್ರಕ್ಕೆ ಆ ಲೆಕ್ಕ ಸರಿಹೋಗುವುದಿಲ್ಲ.

ಇರುಳಿನದು ಇನ್ನೊಂದು ಲೆಕ್ಕ. ಬಂಡೀಪುರ ಕಾಡಿನೊಳಗೆ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕತ್ತಲು ಪ್ರಾಣಿಗಳ ಪಾಲಿನ ಹೊತ್ತು ಎಂದು ಒಪ್ಪಿಕೊಂಡದ್ದರ ಗುರುತು ಅದು. ಅದೇ ಕಾಡಿನ ಅಂಚಿನಲ್ಲಿ ರಾತ್ರಿಯಿಡೀ ದೀಪ ಉರಿಸಿ, ಜೋರಾಗಿ ಹಾಡು ಹಾಕಿದರೆ ಆ ತಿಳಿವಳಿಕೆಗೆ ಏನು ಅರ್ಥ? ನಾನು ಉಳಿದಿದ್ದ ಎರಡನೆಯ ರಾತ್ರಿ ದೂರದ ಹೊಲಗಳಲ್ಲಿ ಕೂಗು, ಪಟಾಕಿ ಸದ್ದು ಕೇಳಿತು. ಆನೆ ಇಳಿದಿತ್ತು. ನನಗೆ ಅದು ಮೈ ಜುಮ್ಮೆನ್ನಿಸಿದ ಗಳಿಗೆ. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಾವಲು ಕೂತಿದ್ದ ರೈತನಿಗೆ ಅದು ವರ್ಷದ ಅನ್ನ ಹೋಗಿಬಿಡುವ ಗಳಿಗೆ. ಬೆಳಿಗ್ಗೆ ತುಳಿದ ಬಾಳೆಯ ಸಾಲುಗಳನ್ನು ನೋಡಿದಾಗ ರಾತ್ರಿಯ ನನ್ನ ಸಂಭ್ರಮಕ್ಕೆ ನಾಚಿಕೆಯಾಯಿತು. ಕಾಡಂಚಿನ ನೆಂಟ ಕಲಿಯಬೇಕಾದ ಮೊದಲ ಪಾಠ ಇದೇ: ತಾನು ಚಂದವೆಂದು ನೋಡುವುದಕ್ಕೆ ಅಲ್ಲಿ ಯಾರೋ ಬೆಲೆ ತೆರುತ್ತಿರುತ್ತಾರೆ.

ಬೆಂಕಿಯ ಮಾತನ್ನೂ ಹೇಳಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಬೇಸಿಗೆಯಲ್ಲಿ ಇಲ್ಲಿನ ಹುಲ್ಲು ಮತ್ತು ಲಂಟಾನದ ಪೊದೆಗಳು ಒಣಗಿ ಕಿಡಿಗಾಗಿ ಕಾದಿರುತ್ತವೆ. ಆ ತಿಂಗಳುಗಳಲ್ಲಿ ಅತಿಥಿಗಳ ಮನರಂಜನೆಗೆ ಸೌದೆ ರಾಶಿ ಹಾಕಿ ಬೆಂಕಿ ಹೊತ್ತಿಸುವುದನ್ನು ಯಾವ ತೋಟದವರೂ ಮಾಡಬಾರದು, ಯಾವ ಅತಿಥಿಯೂ ಕೇಳಬಾರದು.

ಇಷ್ಟೆಲ್ಲ ಇದ್ದ ಮೇಲೆ ನೆಂಟರೇ ಬೇಡ ಎನ್ನಬಹುದಲ್ಲ? ಹಾಗೆನ್ನುವುದು ಸುಲಭ; ಆದರೆ ಅದು ರೈತನ ಕಷ್ಟ ಕಾಣದ ಮಾತು. ಮಳೆ ಕೈಕೊಟ್ಟ ವರ್ಷ, ಈರುಳ್ಳಿಯ ಬೆಲೆ ಬಿದ್ದ ವರ್ಷ, ಹಂದಿ ಗೆಣಸು ಕಿತ್ತ ವರ್ಷ ಸಣ್ಣ ಹಿಡುವಳಿದಾರ ಸೋಲುತ್ತಾನೆ. ಮಕ್ಕಳು ಕೊಡಗಿನ ತೋಟಗಳಿಗೋ ಬೆಂಗಳೂರಿಗೋ ಕೂಲಿಗೆ ಹೋಗುತ್ತಾರೆ. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ತಡೆಯನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿದ ಮೇಲೆ ಬೆಟ್ಟದ ನೋಟವಿರುವ ಜಮೀನಿಗೆ ಗಿರಾಕಿಗಳನ್ನು ಹುಡುಕಬೇಕಾಗಿಲ್ಲ. ವರ್ಷದಲ್ಲಿ ಕೆಲವು ನೆಂಟರು ಬಂದು ಕೊಡುವ ಹಣ ಆ ಜಮೀನು ರೈತನ ಕೈಯಲ್ಲೇ ಉಳಿಯುವಂತೆ ಮಾಡಿದರೆ ಅದು ಬೆಟ್ಟಕ್ಕೂ ಒಳ್ಳೆಯದು. ರೈತ ಹೋದ ಜಾಗಕ್ಕೆ ಬರುವುದು ಕಾಡಲ್ಲ, ಕಾಂಪೌಂಡು.

ಹಾಗಾದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆ ಮಾಡುವ ಗೆರೆ ಯಾವುದು? ಇಟಲಿ ದೇಶ 1985ರಲ್ಲೇ ತೋಟವಾಸ್ತವ್ಯಕ್ಕೊಂದು ಕಾನೂನು ಮಾಡಿತು. ಅತಿಥಿಗಳನ್ನು ಇರಿಸಿಕೊಳ್ಳುವುದು ಬೇಸಾಯಕ್ಕೆ ಪೂರಕವಾಗಿರಬೇಕು, ಬೇಸಾಯವೇ ಮುಖ್ಯ ಕಸುಬಾಗಿ ಉಳಿಯಬೇಕು ಎಂಬುದು ಅದರ ತಿರುಳು. ನಮಗೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ನಾಳೆಯಿಂದ ಅತಿಥಿಗಳು ಬರದಿದ್ದರೂ ಈ ತೋಟ ತೋಟವಾಗಿ ಬದುಕುತ್ತದೆಯೇ? 2020ರ ಲಾಕ್‌ಡೌನಿನಲ್ಲಿ ಈ ಪರೀಕ್ಷೆ ತಾನಾಗಿ ನಡೆಯಿತು. ಅತಿಥಿಗಳ ಬರವು ನಿಂತಾಗ ಕೊಠಡಿಗಳನ್ನೇ ನಂಬಿದವರ ಕೈ ಬರಿದಾಯಿತು; ರಾಗಿ, ಸೊಪ್ಪು, ಹಸು ಇದ್ದವರ ಮನೆಯಲ್ಲಿ ಒಲೆ ಉರಿಯಿತು.

ಈ ಗೆರೆಯನ್ನು ತೋರಿಸುವ ನಿದರ್ಶನಗಳು ಜಿಲ್ಲೆಯಲ್ಲೇ ಇವೆ. ಹೊಂಡರಬಾಳಿನ ಬಳಿ ರೈತಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಂಡ ಕನಸಿನಿಂದ ಹುಟ್ಟಿದ ಅಮೃತಭೂಮಿಗೆ ಬರುವ ರೈತರು ಬೀಜ, ಮಣ್ಣು, ಸಹಜ ಕೃಷಿಯನ್ನು ಕಲಿಯಲು ಬರುತ್ತಾರೆ. ಕಲಿಯಲು ಬಂದವನು ನೆಲಕ್ಕೆ ಹೊರೆಯಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅವರು ಮರಗಳ ನೆರಳಲ್ಲೇ ಕಾಫಿ, ಮೆಣಸು ಬೆಳೆಯುತ್ತಾರೆ. ಅಂಥ ಬೆಟ್ಟಕ್ಕೆ ಹೋಗುವವನು ತಾನು ಹಕ್ಕುಳ್ಳ ಜನರ ಮನೆಯಂಗಳಕ್ಕೆ ಬಂದಿದ್ದೇನೆ ಎಂದು ತಿಳಿದು ನಡೆಯಬೇಕು. ಜನ ಮಿತಿಯನ್ನು ಒಪ್ಪುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ನಿಲ್ಲಿಸಿ ಸಾರಿಗೆ ಬಸ್ಸಿನಲ್ಲೇ ಹತ್ತಬೇಕೆಂದು ಮಾಡಿದ ಮೇಲೆ ಭಕ್ತರು ಬರುವುದನ್ನು ಬಿಡಲಿಲ್ಲ. ಸಾಲಿನಲ್ಲಿ ನಿಂತು ಬಸ್ಸು ಹತ್ತುತ್ತಾರೆ, ದರ್ಶನ ಮಾಡಿ ಇಳಿಯುತ್ತಾರೆ. ಮಿತಿಗೆ ಕಾರಣ ತಿಳಿದಿದ್ದರೆ ಅದು ಅವಮಾನ ಅನ್ನಿಸುವುದಿಲ್ಲ.

ಆದ್ದರಿಂದ ಬೆಟ್ಟದ ತೋಟಕ್ಕೆ ಹೊರಟವರಲ್ಲಿ ನನ್ನದೊಂದು ವಿನಂತಿ. ಕೊಠಡಿಯ ಚಿತ್ರ ನೋಡುವ ಮೊದಲು ನಾಲ್ಕು ಮಾತು ಕೇಳಿ: ಈ ಮನೆಯವರು ಇಲ್ಲೇ ವಾಸವಿದ್ದಾರೆಯೇ? ಈಗ ಹೊಲದಲ್ಲಿ ಏನಿದೆ? ನೀರು ಎಲ್ಲಿಂದ? ಊರಿನ ಎಷ್ಟು ಜನಕ್ಕೆ ಇದರಿಂದ ಕೆಲಸ? ಉತ್ತರ ಸರಿಯಿದ್ದರೆ ಹೋಗಿ, ಬಡಿಸಿದ್ದನ್ನು ಉಣ್ಣಿ, ಒಂದು ಬಿಂದಿಗೆ ಕಡಿಮೆ ನೀರು ಬಳಸಿ, ಕತ್ತಲಾದ ಮೇಲೆ ದೀಪ ಆರಿಸಿ. ನಾನು ಹೊರಟ ಬೆಳಿಗ್ಗೆ ಯಜಮಾನರ ತಾಯಿ "ಮಳ ಬಿದ್ದ ಮ್ಯಾಲ ಬನ್ನಿ, ಹೊಂಡ ತುಂಬಿರ್ತದ" ಎಂದರು. ಅವರು ಹೇಳಿದ ಹೊತ್ತಿಗೇ ಹೋಗಬೇಕೆಂದಿದ್ದೇನೆ.