ನಿಮ್ಮ ಮೊದಲ ವೆಬ್‌ಸೈಟ್ ನಿಮ್ಮ ಬಗ್ಗೆ ಬ್ಯಾಡ, ನಿಮ್ಮ ಓಣಿ ಬಗ್ಗೆ ಮಾಡ್ರಿ

1/5
ಈ ಸೆಮಿಸ್ಟರ್‌ನಾಗ ವೆಬ್‌ಸೈಟ್ ಮಾಡಬೇಕು ಅಂತ ಕೂತಿರೋ ದೋಸ್ತರಿಗೆ ಹಿಂದವಾಡಿಯಿಂದ ಒಂದು ಮಾತು. ನಿಮ್ಮ ಮೊದಲ ಸೈಟ್ ಪೋರ್ಟ್‌ಫೋಲಿಯೋ ಆಗೋದು ಬ್ಯಾಡ್ರಿ.

ಎಲ್ಲಾ ಪೋರ್ಟ್‌ಫೋಲಿಯೋನೂ ಒಂದೇ ನಮೂನಿ ಇರ್ತಾವ. ಕಪ್ಪು ಹಿನ್ನೆಲೆ, ದೊಡ್ಡ ಅಕ್ಷರದಾಗ 'ಹಾಯ್, ಐ ಆ್ಯಮ್', ಅದರ ಕೆಳಗ ಎಚ್‌ಟಿಎಂಎಲ್ ಎಷ್ಟು ಪರ್ಸೆಂಟ್ ಬರ್ತದ, ಸಿಎಸ್‌ಎಸ್ ಎಷ್ಟು ಪರ್ಸೆಂಟ್ ಬರ್ತದ ಅನ್ನೋ ಪಟ್ಟಿ, ಕೊನೆಗೆ ಯಾರೂ ತುಂಬದ ಒಂದು ಫಾರ್ಮ್. ಅದನ್ನ ನೋಡೋರು ಇಬ್ಬರೇ: ನೀವು ಮತ್ತು ಮಾರ್ಕ್ಸ್ ಹಾಕೋ ಸರ್.

ಈಗ ಈ ಪ್ರಶ್ನೆಗಳನ್ನ ನೋಡ್ರಿ. ಶಹಾಪುರ, ವಡಗಾವಿಯ ನೇಕಾರರು ಮನೆಯಲ್ಲೇ ಸೀರೆ ಮಾರ್ತಾರಾ? ದೀಪಾವಳಿಗೆ ಖಾನಾಪುರದ ಕುಂಬಾರರ ಹತ್ರ ಹಣತಿ ಯಾವಾಗಿಂದ ಸಿಗ್ತಾವ? ಹಲಸಿಯ ಭೂವರಾಹ ನರಸಿಂಹ ದೇವಸ್ಥಾನಕ್ಕ ಹೋದರ ವಾಪಸ್ ಬರೋಕ ಕೊನೇ ಬಸ್ ಎಷ್ಟೊತ್ತಿಗೆ? ಆರ್‌ಪಿಡಿ ಕ್ರಾಸ್ ಹತ್ರ ರವಿವಾರ ರಾತ್ರಿ ಯಾವ ಖಾನಾವಳಿ ತೆಗೆದಿರ್ತದ? ಇವುಗಳ ಉತ್ತರ ಯಾರದೋ ತಲೆಯಾಗ ಐತಿ, ಇಲ್ಲಾ ಯಾವುದೋ ವಾಟ್ಸಾಪ್ ಗ್ರೂಪಿನಾಗ ಹೂತು ಹೋಗೈತಿ. ಇದರಾಗ ಒಂದೇ ಒಂದು ಪ್ರಶ್ನೆಗೆ ಕನ್ನಡದಾಗ ಸರಿಯಾದ ಉತ್ತರ ಕೊಡೋ ಒಂದು ಪುಟ. ನಿಮ್ಮ ಮೊದಲ ವೆಬ್‌ಸೈಟ್ ಅಷ್ಟೇ ಇರಲಿ.

2/5
"ಅದಕ್ಕ ಇನ್‌ಸ್ಟಾ ಪೇಜ್ ಸಾಕಲ್ಲ?" ಅಂತೀರಿ. ನಾನೂ ಇದನ್ನ ಇಲ್ಲೇ ಬರೀತಿದ್ದೀನಿ, ಯಾಕಂದ್ರ ನೀವೆಲ್ಲಾ ಇಲ್ಲೇ ಸಿಗ್ತೀರಿ. ಮಂದಿ ಸೇರೋಕೆ ಇದು ಛಲೋ ಜಾಗ. ಆದರೆ ಸಾಮಾನು ಇಡೋ ಮನೆ ಅಲ್ಲ.

2020ರ ಜೂನ್ 29ಕ್ಕೆ ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ನಿರ್ಧಾರ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಬೇರೆ ಪ್ರತಿ ಇಟ್ಟುಕೊಳ್ಳದೇ ಅಲ್ಲೇ ಎಲ್ಲಾ ಇಟ್ಟಿದ್ದವರ ಕೈಗೆ ಏನು ಉಳೀತು, ಅದನ್ನ ನೋಡ್ರಿ. ಅದಕ್ಕೂ ಮುಂಚೆ 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 

ಇನ್ನೊಂದು ಕಡೆ, ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿದ್ದಾಗ ಮಾಡಿದ ಜಗತ್ತಿನ ಮೊದಲ ವೆಬ್‌ಸೈಟ್ ನೋಡ್ರಿ. ಅದರ 1992ರ ಪ್ರತಿಯನ್ನ ಸರ್ನ್‌ನವರು 2013ರಲ್ಲಿ ಮತ್ತೆ ಅದೇ ವಿಳಾಸಕ್ಕೆ ಹಾಕಿದರು. ಬರೀ ಅಕ್ಷರ, ಬರೀ ಲಿಂಕ್. ಅದಕ್ಕೇ ಅದು ಇವತ್ತಿನ ಫೋನ್‌ನಾಗೂ ತೆರೀತದ. ಸಾದಾ ಫೈಲ್ ನಿಮ್ಮ ಕೈಯಾಗ ಇದ್ದರೆ, ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆ ಇಡಬಹುದು.

3/5
ಕನ್ನಡದಾಗ ಮಾಡ್ರಿ ಅಂದಾಗ ಹಲವರು ಪೋಸ್ಟರ್ ಮಾಡಿ ಚಿತ್ರ ಹಾಕ್ತಾರ. ಅದು ಬ್ಯಾಡ. ಚಿತ್ರದೊಳಗಿನ ಮಾತು ಹುಡುಕೋರಿಗೆ ಸುಲಭಕ್ಕ ಸಿಗೋದಿಲ್ಲ, ಕಾಪಿ ಮಾಡೋಕ ಆಗೋದಿಲ್ಲ, ಕಣ್ಣು ಕಾಣದವರ ಫೋನ್ ಅದನ್ನ ಓದಿ ಹೇಳೋದೂ ಕಷ್ಟ.

ಕನ್ನಡದ ಮೊದಲ ವೆಬ್‌ಸೈಟ್ ಅಂತ ಹೆಸರಾದ 'ವಿಶ್ವಕನ್ನಡ'ವನ್ನು ಯು.ಬಿ. ಪವನಜ ಅವರು 1996ರಲ್ಲಿ ಶುರು ಮಾಡಿದರು. ವಿಂಡೋಸ್ ಜೊತೆಗೇ ಕನ್ನಡದ 'ತುಂಗಾ' ಫಾಂಟ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಂದ್ರ ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲದ ಕಾಲದಾಗ ಅವರು ಸೈಟ್ ನಡೆಸಿದರು. ನಮ್ಮ ಫೋನ್‌ನಾಗ ಕೀಬೋರ್ಡ್ ಪುಕ್ಕಟೆ ಐತಿ. ನೆಪ ಹೇಳೋಕೆ ಜಾಗಾನೇ ಇಲ್ಲ.

ಇಷ್ಟು ನೆನಪಿಡ್ರಿ:
👉 ಯೂನಿಕೋಡ್‌ನಲ್ಲೇ ಬರೀರಿ. ಹಳೇ ನುಡಿ ಫೈಲ್‌ನಿಂದ ತಗೊಂಡ್ರೆ ಮೊದಲು ಯೂನಿಕೋಡ್‌ಗೆ ಬದಲಿಸ್ರಿ, ಇಲ್ಲಾಂದ್ರ ಓದುಗರಿಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಾವ.
👉 ಪುಟದ ತಲೆಯಲ್ಲಿ ಯುಟಿಎಫ್-8 ಅಂತಲೂ, ಭಾಷೆ 'ಕೆಎನ್' ಅಂತಲೂ ಹಾಕ್ರಿ.
👉 ಸಾಲುಗಳ ನಡುವೆ ಜಾಗ ಜಾಸ್ತಿ ಬಿಡ್ರಿ, ಅಕ್ಷರದ ಅಳತೆಯ 1.6 ಪಟ್ಟು ಇದ್ದರೆ ಛಲೋ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟ್‌ನಲ್ಲಿ 'ರಾಷ್ಟ್ರ'ದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತದ.
👉 ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಐತಿ, 'ಹುಬ್ಬಳ್ಳಿ' ಅನ್ನೋ ಹೆಸರಿನ ಫಾಂಟ್ ಕೂಡ ಐತಿ. ಒಂದೇ ಆರಿಸ್ರಿ, ನಾಲ್ಕು ಬ್ಯಾಡ.
👉 2014ರ ನವೆಂಬರ್ 1ರಿಂದ ಊರು ಅಧಿಕೃತವಾಗಿ ಬೆಳಗಾವಿ. ಆದರೂ ಬೆಳಗಾಂ ಅಂತ ಹುಡುಕೋರು ಅದಾರ. ಪುಟದಾಗ ಎರಡೂ ಹೆಸರು ಒಂದೊಂದು ಸಲ ಬರಲಿ.
👉 ನಮ್ಮ ಓಣ್ಯಾಗ ಮರಾಠಿ ಓದೋ ಮಂದಿನೂ ಭಾಳ. ಸಮಯ, ದರ, ವಿಳಾಸ ಮರಾಠಿಯಲ್ಲೂ ಎರಡು ಸಾಲು ಇರಲಿ. ಕನ್ನಡಕ್ಕ ಏನೂ ಕಡಿಮಿ ಆಗೋದಿಲ್ಲ, ಓದೋರು ಹೆಚ್ಚಾಗ್ತಾರ.

4/5
ಈಗ ಕೆಲಸ. ಲ್ಯಾಪ್‌ಟಾಪ್ ತೆಗೆಯೋ ಮುಂಚೆ ನೋಟ್‌ಬುಕ್ ಹಿಡ್ಕೊಂಡು ಆ ಅಂಗಡಿಗೋ ಮನೆಗೋ ಹೋಗ್ರಿ. ಅರ್ಧ ತಾಸು ಕೂತು, ಬರೋ ಗಿರಾಕಿಗಳು ಏನೇನು ಕೇಳ್ತಾರ ಬರ್ಕೊಳ್ರಿ. ಎಲ್ಲಿ? ಯಾವಾಗ ತೆಗಿತೀರಿ? ಎಷ್ಟು? ಮೊದಲೇ ಹೇಳಬೇಕಾ? ಫೋನ್‌ಪೇ ನಡೀತದಾ? ಗಿರಾಕಿ ಕೇಳೋ ಕ್ರಮದಾಗೇ ಪುಟ ಬರೀರಿ. ಡಿಸೈನ್ ಅಂದ್ರ ಮೊದಲು ಅದೇ.

ಫೋನ್ ನಂಬರ್, ಮುಖದ ಫೋಟೋ ಹಾಕೋ ಮುಂಚೆ ಕೇಳ್ರಿ. "ಕಾಕಾ, ಇದು ಯಾರು ಬೇಕಾದರೂ ನೋಡ್ತಾರ, ನಡೀತದಾ?" ಅಂತ ಬಿಡಿಸಿ ಹೇಳ್ರಿ. ಬ್ಯಾಡ ಅಂದ್ರ ಬಿಡ್ರಿ.

ಆಮೇಲೆ ಒಂದೇ ಎಚ್‌ಟಿಎಂಎಲ್ ಫೈಲ್. ತಲೆಬರಹ, ಪ್ಯಾರಾ, ಚಿತ್ರ, ಲಿಂಕ್, ಈ ನಾಲ್ಕು ಟ್ಯಾಗ್ ಬಂದ್ರ ಸಾಕು, ಒಂದು ಮಧ್ಯಾಹ್ನದ ಕೆಲಸ. ಎಐ ಕಡೆಯಿಂದ ಬರೆಸಿಕೊಂಡರೂ ತಪ್ಪಿಲ್ಲ, ಆದರೆ ನಿಮಗ ತಿಳಿಯದ ಸಾಲು ಒಂದೂ ಉಳಿಯಬಾರದು. ಗಿಟ್‌ಹಬ್ ಪೇಜಸ್‌ನಲ್ಲಿ ಅದನ್ನ ಪುಕ್ಕಟೆ ಇಡಬಹುದು.

ಫೋಟೋ ಹಗುರ ಮಾಡ್ರಿ. ಫೋನ್‌ನಲ್ಲಿ ತೆಗೆದದ್ದು ಎಷ್ಟೋ ಸಲ 4-5 ಎಂಬಿ ಇರ್ತದ; ಪುಟಕ್ಕೆ 200 ಕೆಬಿ ಸಾಕು. ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗೋವಾಗ ಒಂದು ಕಡ್ಡಿ ಸಿಗ್ನಲ್‌ನಾಗ ನಿಮ್ಮ ಪುಟ ತೆರೆಯಬೇಕು. ವೈಫೈ ಇರೋ ಹಾಸ್ಟೆಲ್‌ನಾಗ ಎಲ್ಲರ ಸೈಟೂ ಓಡ್ತಾವ.

5/5
ಡಾಟ್ ಇನ್ ಹೆಸರು ಬೇಕಂದ್ರ ಕೊಳ್ರಿ, ಆದರೆ ಎರಡು ಮಾತು. ಮೊದಲ ವರ್ಷದ ಆಫರ್ ನೋಡಿ ಹಿಗ್ಗಬ್ಯಾಡ್ರಿ, ಎರಡನೇ ವರ್ಷದ ದರ ನೋಡ್ರಿ. ಮತ್ತೆ, ಅಂಗಡಿಯವರಿಗೆ ಮಾಡಿಕೊಟ್ಟರೆ ಹೆಸರು ಅವರ ಇಮೇಲ್‌ನಾಗೇ ಇರಲಿ, ಪಾಸ್‌ವರ್ಡ್ ಅವರ ಹತ್ರ ಬರೆದಿಡ್ರಿ. ನಾಳೆ ನೀವು ಕೆಲಸಕ್ಕ ಪುಣೆಗೋ ಬೆಂಗಳೂರಿಗೋ ಹೋಗ್ತೀರಿ. ಅವರು ನಿಮ್ಮ ಫೋನ್‌ಗೆ ಕಾಯ್ಕೊಂತ ಕೂಡೋ ಹಂಗ ಆಗಬಾರದು.

ಪುಟದ ಕೆಳಗ 'ಕೊನೆಯ ಸಲ ಸರಿಪಡಿಸಿದ್ದು' ಅಂತ ತಾರೀಖು ಹಾಕ್ರಿ. ತಿಂಗಳಿಗೊಮ್ಮೆ ಹೋಗಿ ಕೇಳ್ರಿ. ಹೋದ ವರ್ಷದ ಬಸ್ ಟೈಮ್ ನಂಬಿ ಯಾರೋ ಮನಿ ಮಂದಿ ಜೊತೆ ಹಲಸಿಯಾಗ ಕತ್ತಲಾಗೋವರೆಗೂ ನಿಂತರ, ಅದು ಸೈಟ್ ಇಲ್ಲದ್ದಕ್ಕಿಂತ ಕೆಟ್ಟದ್ದು. ನೋಡ್ಕೊಳ್ಳೋಕ ಆಗೋದಿಲ್ಲ ಅಂದ್ರ ಬದಲಾಗದ ವಿಷಯ ಆರಿಸ್ರಿ: ಹಣತಿ ಹೆಂಗ ಸುಡ್ತಾರ, ಒಂದು ಸೀರೆಗೆ ಎಷ್ಟು ದಿನ ಹಿಡೀತದ.

"ಇದರಿಂದ ಜಾಬ್ ಸಿಗ್ತದಾ?" ಗ್ಯಾರಂಟಿ ಯಾರೂ ಕೊಡೋದಿಲ್ಲ. ಆದರೆ ಸಂದರ್ಶನದಾಗ ಹೇಳೋಕೆ ನಿಮ್ಮ ಹತ್ರ ಒಂದು ನಿಜವಾದ ಕೆಲಸ ಇರ್ತದ: ಯಾರಿಗೆ ಮಾಡಿದ್ರಿ, ಅವರು ಏನು ಬ್ಯಾಡ ಅಂದ್ರು, ಯಾಕ ಬದಲಿಸಿದ್ರಿ. ಟೆಂಪ್ಲೇಟ್‌ನಾಗ ಹೆಸರು ಬದಲಿಸಿದವರ ಹತ್ರ ಈ ಉತ್ತರ ಇರೋದಿಲ್ಲ.

ಪೋರ್ಟ್‌ಫೋಲಿಯೋ ಆಮೇಲೆ ಮಾಡ್ರಿ, ಅದರಾಗ ಮೊದಲ ಲಿಂಕ್ ಇದೇ ಇರಲಿ. ಬರೋ ರವಿವಾರ ನೋಟ್‌ಬುಕ್ ಹಿಡ್ಕೊಂಡು ಯಾರ ಮನೆಗೆ ಹೋಗ್ತೀರಿ, ಅಷ್ಟು ಇವತ್ತೇ ಠರಾಯಿಸ್ರಿ.

#ಬೆಳಗಾವಿ #ಹಿಂದವಾಡಿ #ಖಾನಾಪುರ #ಕನ್ನಡದಲ್ಲಿವೆಬ್ #ಮೊದಲವೆಬ್‌ಸೈಟ್